ಹಾಡಿನ ಹೊತ್ತಿನ ಚಹಾ

ಎಲ್ಲಿಯಾದರೂ ಹಾಡು ಶುರುವಾಯಿತೆಂದರೆ ನನ್ನ ಕಾಲು ತನ್ನಷ್ಟಕ್ಕೆ ಚಪ್ಪಲಿ ಹುಡುಕತೊಡಗುತ್ತದೆ. ಬೇಕೆಂದು ಮಾಡುವುದಲ್ಲ. ಟೀವಿಯ ಧಾರಾವಾಹಿಯಲ್ಲಿ ಹಾಡು ಬಂದರೆ ಎದ್ದು ಹಿತ್ತಲಿಗೆ ಹೋಗಿ ಬರುತ್ತೇನೆ. ಮದುವೆ ಮನೆಯಲ್ಲಿ ಯಾರಾದರೂ ಹಾಡಲು ಗಂಟಲು ಸರಿಮಾಡಿಕೊಂಡರೆ, ಕೈ ತೊಳೆಯುವ ನಲ್ಲಿ ಎಲ್ಲಿದೆ ಎಂದು ನೋಡುತ್ತೇನೆ. ಒಮ್ಮೆ ಒಂದು ಶಾಲೆಯವರು ನನ್ನನ್ನು ಅತಿಥಿಯಾಗಿ ಕರೆದಿದ್ದರು. ನಿವೃತ್ತರಾದವರನ್ನು ನಮ್ಮ ಕಡೆ ಇಂಥದಕ್ಕೆಲ್ಲ ಕರೆಯುತ್ತಾರೆ, ಬರುವುದಿಲ್ಲ ಅನ್ನಲು ಅವರಿಗೆ ಕಾರಣ ಇರುವುದಿಲ್ಲವಲ್ಲ. ಮಕ್ಕಳು ಪ್ರಾರ್ಥನೆ ಎತ್ತಿಕೊಂಡ ಕೂಡಲೇ ನಾನು ವೇದಿಕೆಯ ಮೇಲೆ ಎದ್ದು ನಿಂತೆ. ಪ್ರಾರ್ಥನೆಗೆ ಎಲ್ಲರೂ ಏಳುವ ಪದ್ಧತಿ ಇರುವುದರಿಂದ ಮಾನ ಉಳಿಯಿತು. ಮೆಟ್ಟಿಲವರೆಗೆ ಹೋಗಿದ್ದು ಯಾಕೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಇದರಿಂದ ನನಗೆ ಸಂಗೀತ ಕಂಡರಾಗದು ಎಂದು ತಿಳಿಯಬೇಡಿ. ನಾನು ಬೆಳೆದದ್ದು ಅಂಕೋಲೆಯ ಹತ್ತಿರದ ಬೊಬ್ರುವಾಡದಲ್ಲಿ, ಅಷ್ಟೆ. ಅಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಊರವರೇ ನಾಟಕ ಆಡುತ್ತಿದ್ದರು. ತೆಂಗಿನ ಮಡಲು ಕಟ್ಟಿದ ರಂಗ, ಎಲ್ಲಿಂದಲೋ ಬಾಡಿಗೆಗೆ ತಂದ ಅರಮನೆಯ ಪರದೆ, ಅದರ ಮೂಲೆಯಲ್ಲಿ ಹಿಂದಿನ ಊರಿನವರು ಸುಟ್ಟುಕೊಂಡ ತೂತು. ಆ ತೂತಿಗೆ ನಮ್ಮವರು ಕ್ಯಾಲೆಂಡರಿನ ದೇವರ ಪಟ ಅಂಟಿಸಿ ಮರ್ಯಾದೆ ಮುಚ್ಚುತ್ತಿದ್ದರು. ಹಾಡು ಎಂದಮೇಲೆ ಅಲ್ಲಿ ಕಥೆ ನಿಲ್ಲುತ್ತಿತ್ತು. ರಾಜನಿಗೆ ದುಃಖವಾಯಿತು ಎಂದಿಟ್ಟುಕೊಳ್ಳಿ. ಅವನು ಬಲಗೈ ಎತ್ತಿ ಹಾಡಲು ಶುರುಮಾಡಿದನೆಂದರೆ ನಾವು ಎದ್ದು, ಬದುವಿನ ಮೇಲೆ ನಡೆದು, ರಸ್ತೆಯ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿದು, ಭಜೆ ತಿಂದು, ದಾರಿಯಲ್ಲಿ ಸಿಕ್ಕ ನೆಂಟರನ್ನು ಮಾತಾಡಿಸಿ ವಾಪಸು ಬಂದರೆ ಆ ಕೈ ಇನ್ನೂ ಮೇಲೆಯೇ ಇರುತ್ತಿತ್ತು. ದುಃಖವೂ ಬಿಟ್ಟಲ್ಲೇ ಇರುತ್ತಿತ್ತು. ಅಪ್ಪ ನನಗೆ ಕಲಿಸಿದ ನಾಟಕಶಾಸ್ತ್ರ ಇಷ್ಟೇ: ಮಾತು ನಡೆಯುವಾಗ ಏಳಬೇಡ, ಹೋಗುವುದಿದ್ದರೆ ಹಾಡಿನಲ್ಲಿ ಹೋಗಿ ಬಾ.

ಚಹಾದಂಗಡಿಯವನಿಗೂ ಇದು ಗೊತ್ತಿತ್ತು. ಹಾರ್ಮೋನಿಯಂ ಕೇಳಿಸಿದ ಕೂಡಲೇ ಅವನು ಹಾಲು ಒಲೆಯ ಮೇಲೆ ಇಡುತ್ತಿದ್ದ. ನನ್ನ ಸೋದರಮಾವ ಒಂದು ವರ್ಷ ಮಂತ್ರಿಯ ಪಾತ್ರ ಮಾಡಿದ್ದರು. ರಾಜ ಹಾಡು ಎತ್ತಿಕೊಂಡಾಗ ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದು ಅವರ ಕೆಲಸ. ಮೊದಲ ಹಾಡಿಗೆ ನಿಂತರು. ಎರಡನೆಯದಕ್ಕೂ ನಿಂತರು. ಮೂರನೆಯದು ಶುರುವಾದಾಗ ರಂಗದಿಂದ ನೇರ ಇಳಿದು, ಕಿರೀಟದ ಸಮೇತ ಜನರ ನಡುವಿನಿಂದ ಅಂಗಡಿಗೆ ಹೋಗಿ ಚಹಾ ಕುಡಿದು, ಬಂದು ಮತ್ತೆ ಕೈಕಟ್ಟಿ ನಿಂತರು. ಯಾರೂ ತಪ್ಪು ತಿಳಿಯಲಿಲ್ಲ. ಹಾಡು ನಡೆಯುತ್ತಿತ್ತಲ್ಲ. ಮಂತ್ರಿಗಾದರೂ ಬಾಯಾರಿಕೆ ಇರುತ್ತದೆ ಎಂದು ನನ್ನ ಆಯಿ ತಮ್ಮನ ಪರವಾಗಿ ಎಷ್ಟೋ ವರ್ಷ ವಾದ ಮಾಡುತ್ತಿದ್ದಳು.

ಮುಂದೆ ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆದೆ. ಮೊದಲು ಅಂಕೋಲೆ, ಕೊನೆಗೆ ಕಾರವಾರ. ಗಾಜಿನ ಡಬ್ಬಿಯೊಳಗೆ ಕೂತು ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಕೂಗುವ ಕೆಲಸ. ಆ ಕೆಲಸ ಅಪ್ಪನ ಶಾಸ್ತ್ರವನ್ನು ಇನ್ನಷ್ಟು ಗಟ್ಟಿಮಾಡಿತು. ಹುಬ್ಬಳ್ಳಿಗೆ ಹೋಗುವ ಬಸ್ಸು ಸುಂಕಸಾಳದಲ್ಲಿ ಚಹಾಕ್ಕೆ ನಿಂತಾಗ ಜನ ಇಳಿಯುತ್ತಾರೆ, ಕಾಲು ಕೊಡವಿಕೊಳ್ಳುತ್ತಾರೆ, ಹತ್ತುತ್ತಾರೆ. ಬಸ್ಸು ಅಲ್ಲೇ ಇರುತ್ತದೆ. ನಾಟಕದ ಹಾಡೂ ಹಾಗೇ ಎಂದು ನಾನು ನಂಬಿದ್ದೆ. ನಾನು ಚಹಾ ಕುಡಿಯುವಾಗ ಬಸ್ಸು ಹೊರಟೇ ಹೋಗುವ ನಾಟಕವೂ ಇರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಈಗ ಗುಲಾಬಿಯ ವಿಷಯಕ್ಕೆ ಬರುತ್ತೇನೆ. ಗುಲಾಬಿ ನನ್ನ ಹೆಂಡತಿ, ಹಣಕೋಣದವಳು. ಮನೆಮಾತು ಕೊಂಕಣಿ. ನನ್ನ ಜೊತೆ ಕನ್ನಡ, ಬೆಕ್ಕಿನ ಜೊತೆ ಕೊಂಕಣಿ, ಸಿಟ್ಟು ಬಂದರೆ ನನ್ನ ಜೊತೆಗೂ ಕೊಂಕಣಿ. ನಿವೃತ್ತನಾದ ಮೇಲೆ ನಾವು ಕಾರವಾರದಲ್ಲೇ ಉಳಿದೆವು. ನಮ್ಮ ಓಣಿಯಲ್ಲಿ ಸ್ನೇಹಾ ಎಂಬ ಹುಡುಗಿ ಬಾಡಿಗೆಗೆ ಇದ್ದಾಳೆ. ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಉಳಿದ ಹೊತ್ತಿನಲ್ಲಿ ನಾಟಕ ಮಾಡಿಸುತ್ತಾಳೆ. ಬಾವಿಕಟ್ಟೆಯ ಹತ್ತಿರ ಗುಲಾಬಿ ಏನೋ ಗುನುಗುತ್ತಿದ್ದದ್ದನ್ನು ಬೇಲಿಯ ಆಚೆಯಿಂದ ಕೇಳಿದಳಂತೆ. ಮರುದಿನವೇ ಮನೆಗೆ ಬಂದು, ಆಂಟಿ ನಮ್ಮ ಹೊಸ ನಾಟಕಕ್ಕೆ ಬರಬೇಕು ಎಂದು ಕೂತಳು. ಗುಲಾಬಿ ಗುನುಗುತ್ತಾಳೆ ಎಂಬುದೇ ನನಗೆ ಹೊಸ ಸುದ್ದಿ. ನನ್ನ ಎದುರು ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಅಥವಾ ಹಾಡುವ ಹೊತ್ತಿಗೆ ನಾನು ಎದ್ದು ಹೋಗಿರುತ್ತಿದ್ದೆನೋ ಏನೋ.

ಸಂಜೆ ಸಂಜೆ ಅವಳು ಶಾಲೆಯ ಹಾಲಿನಲ್ಲಿ ತಾಲೀಮಿಗೆ ಹೋಗತೊಡಗಿದಳು. ನಾನು ನನ್ನ ಚಹಾ ನಾನೇ ಮಾಡಿಕೊಳ್ಳಲು ಕಲಿತೆ. ಎಂಥಾ ಪಾತ್ರ ಎಂದು ಕೇಳಿದರೆ, ಎಂತದೂ ಇಲ್ಲ, ಗುಂಪಿನಲ್ಲಿ ನಿಲ್ಲೂದು ಅಷ್ಟೆ ಅಂದಳು. ಕಾಳಿ ನದಿಗೆ ಸೇತುವೆ ಆಗುವ ಮೊದಲಿನ ತಾರಿಯ ಕಥೆ, ಅಂದರೆ ದೋಣಿಯಲ್ಲಿ ಜನರನ್ನು ಆಚೆ ದಂಡೆಗೆ ದಾಟಿಸುತ್ತಿದ್ದ ಕಾಲದ್ದು. ಹಾಡು ಬಹಳ ಇದೆ ಎಂದೂ ಹೇಳಿದಳು. ಬಹಳ ಚಹಾ ಆಗುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಭಾನುವಾರ ಸಂಜೆ ನಾಲ್ಕಕ್ಕೆ ರಂಗಮಂದಿರದಲ್ಲಿ ಆಟ. ಒಬ್ಬನೇ ಹೋಗಲು ಬೇಸರವಾಗಿ ಬೊಬ್ರುವಾಡದಿಂದ ಬೀರಣ್ಣನನ್ನು ಕರೆಸಿಕೊಂಡೆ. ಬೀರಣ್ಣ ನನ್ನ ಸಣ್ಣಂದಿನ ಗೆಳೆಯ. ತನ್ನ ಕಾಲದಲ್ಲಿ ಗದ್ದೆಯ ನಾಟಕಗಳಲ್ಲಿ ರಾಜನಾಗಿದ್ದವನು, ಕೈ ಎತ್ತಿ ಹಾಡಿದವನು. ಹಾಗಾಗಿ ಈಗಲೂ ನಾಟಕ ನೋಡುವಾಗ ಅರ್ಧ ಕಣ್ಣು ಮುಚ್ಚಿ, ತಪ್ಪು ಹಿಡಿಯುವವನ ಠೀವಿಯಲ್ಲಿ ಕೂರುತ್ತಾನೆ. ನನ್ನ ಇನ್ನೊಂದು ಪಕ್ಕದಲ್ಲಿ ಕನ್ನಡಕದ ಒಬ್ಬ ಹೆಂಗಸು ಕೂತಿದ್ದರು, ಯಾವುದೋ ಬ್ಯಾಂಕಿನವರಂತೆ.

ಪರದೆ ಎದ್ದ ಕೂಡಲೇ ಹಾಡು. ಮಾತಿಲ್ಲದೆ ಮೊದಲೇ ಹಾಡು. ಕಥೆಯೇ ಶುರುವಾಗದೆ ಹಾಡಿದರೆ ಯಾವುದನ್ನು ನಿಲ್ಲಿಸಿದಂತಾಯಿತು ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಕಾಲು ಚಪ್ಪಲಿ ಮುಟ್ಟಿತು. ಆದರೆ ದೋಣಿಯ ತುಂಬ ಜನ ನಿಂತು ಹಾಡುತ್ತಿದ್ದರು, ಇದೇ ಆ ಗುಂಪು, ಗುಲಾಬಿ ಇಲ್ಲೇ ಇರಬೇಕು ಎಂದು ಹಲ್ಲು ಕಚ್ಚಿ ಕೂತೆ. ಸೆರಗು ತಲೆಯ ಮೇಲೆ ಎಳೆದುಕೊಂಡು ಬುಟ್ಟಿ ಹಿಡಿದ ಒಬ್ಬಳು ಕಂಡಳು. ನಿಲುವು ಅದೇ. ಪಕ್ಕದ ಹೆಂಗಸಿಗೆ ಬೆರಳು ಮಾಡಿ ತೋರಿಸಿ, ನಮ್ಮ ಮನೆಯವಳು ಅಂದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, ಬಹಳ ಸಣ್ಣ ವಯಸ್ಸಿನವರ ಹಾಗೆ ಕಾಣುತ್ತಾರೆ ಅಂದರು. ಬಣ್ಣ ಹಚ್ಚಿದ್ದಾರಲ್ಲ ಎಂದು ನಾನು ಸಮಾಧಾನ ಹೇಳಿದೆ. ಒಳಗೊಳಗೆ ಹೆಮ್ಮೆಯೂ ಆಯಿತು. ಇಷ್ಟು ಮಾಡಿದ ಮೇಲೆ ಗಂಡನಾಗಿ ನನ್ನ ಪಾಲಿನ ಕೆಲಸ ಮುಗಿಯಿತು ಎಂದುಕೊಂಡೆ.

ಆಮೇಲೆ ಮಾತು ಬಂತು. ದೋಣಿಯವನು ದಂಡೆಯ ಮೇಲೆ ಕೂತು ಹುಟ್ಟು ಒರೆಸುತ್ತಿದ್ದಾನೆ. ಮನೆ ಹಿಂದೆ ಇದೆ, ಹೆಂಡತಿ ಒಳಗೆ ಎಲ್ಲೋ ಇದ್ದಾಳೆ, ಕಾಣುವುದಿಲ್ಲ. ಅವಳು ಏನೋ ಕೇಳಿದ್ದಕ್ಕೆ ಉತ್ತರ ಕೊಡುವವನ ಹಾಗೆ ಅವನು ತಲೆ ಎತ್ತದೆ, “ಇವತ್ತು ದೋಣಿ ತುಂಬ್ಯದೆ. ನಾಳೆ ನೋಡುವಾ” ಅಂದ. ಅಷ್ಟರಲ್ಲಿ ಕೊಳಲು ಕೇಳಿಸಿತು. ದೀಪ ಸಣ್ಣಗಾಯಿತು. ಬೀರಣ್ಣ ನನ್ನ ತೊಡೆ ತಟ್ಟಿದ. ಇಬ್ಬರೂ ಬಗ್ಗಿಕೊಂಡು, ಜನರ ಮೊಣಕಾಲುಗಳಿಗೆ ಕ್ಷಮೆ ಕೇಳುತ್ತಾ ಹೊರಗೆ ಬಂದೆವು.

ಗೇಟಿನ ಎದುರಿನ ಅಂಗಡಿಯಲ್ಲಿ ನಾವಿಬ್ಬರೇ. ಬೇರೆ ಯಾರೂ ಬಂದಿರಲಿಲ್ಲ. ಅಂಗಡಿಯವನು ಹಾಲನ್ನೂ ಇಟ್ಟಿರಲಿಲ್ಲ, ಮೊಬೈಲು ನೋಡುತ್ತಾ ಕೂತಿದ್ದ. ಈಗಿನ ಜನಕ್ಕೆ ನಾಟಕ ನೋಡುವ ಕ್ರಮವೇ ಗೊತ್ತಿಲ್ಲ ಎಂದು ಬೀರಣ್ಣ ಮರುಗಿದ. ಒಳಗಿನ ಹಾಡು ಗೋಡೆ ದಾಟಿ ನಮ್ಮವರೆಗೆ ಬರುತ್ತಿತ್ತು. ಶಬ್ದ ಬಿಡಿಸುವುದಿಲ್ಲ, ರಾಗ ಮಾತ್ರ. ಬೀರಣ್ಣ ಲೋಟ ಬಾಯಿಯ ಹತ್ತಿರ ತಂದವನು ಹಾಗೇ ಹಿಡಿದು ನಿಂತ.

“ದನಿ ಚಲೋ ಅದೆ ಮಾರಾಯಾ. ಯಾರದು?”

ಯಾರನ್ನೋ ಧಾರವಾಡದ ಕಡೆಯಿಂದ ಕರೆಸಿರಬೇಕು ಅಂದೆ. ಸ್ಥಳೀಯರ ಗಂಟಲು ಹಾಗಿರುವುದಿಲ್ಲ ಎಂದೂ ಸೇರಿಸಿದೆ. ಚಹಾ ಸ್ವಲ್ಪ ಕಹಿಯಾಗಿತ್ತು, ಇನ್ನೊಂದು ಅರ್ಧ ಕುಡಿದೆವು.

ವಾಪಸು ಬಂದು ಕೂತರೆ ಒಳಗೆ ಏನೋ ಆಗಿತ್ತು. ರಂಗದ ಮೇಲೆ ದೋಣಿಯವನು ಒಬ್ಬನೇ ಒಲೆಯ ಎದುರು ಕೂತಿದ್ದ. ಪಕ್ಕದ ಹೆಂಗಸು ಕನ್ನಡಕ ತೆಗೆದು ಮೂಗು ಒರೆಸಿಕೊಳ್ಳುತ್ತಿದ್ದರು. ಎಂತಾಯಿತು ಎಂದು ಕೇಳಿದರೆ ಸುಮ್ಮನಿರುವಂತೆ ಕೈ ಮಾಡಿದರು. ಅಲ್ಲಿಂದ ಮುಂದೆ ನನಗೆ ಆ ನಾಟಕದ ಒಂದು ಎಳೆಯೂ ಸಿಗಲಿಲ್ಲ. ಜನ ದಂಡೆಯಲ್ಲಿ ನಿಂತು ಕೂಗುತ್ತಾರೆ, ಅವನು ದಾಟಿಸಲು ಬರುವುದಿಲ್ಲ. ಯಾಕೆ ಬರುವುದಿಲ್ಲ? ನೆರೆಯವಳು ಅನ್ನ ತಂದುಕೊಡುತ್ತಾಳೆ. ಮನೆಯಲ್ಲಿ ಹೆಂಡತಿ ಇದ್ದಾಳಲ್ಲ, ಇವಳು ಯಾಕೆ ತರಬೇಕು? ಆ ಹೆಂಡತಿ ಒಳಗೆ ಇಷ್ಟು ಹೊತ್ತು ಏನು ಮಾಡುತ್ತಿದ್ದಾಳೆ, ಬಂಗಡೆ ಹುರಿಯಲಿಕ್ಕೂ ಇಷ್ಟು ಸಮಯ ಬೇಡ. ಪ್ರತಿ ಸಲ ಬಾಗಿಲ ಪರದೆ ಅಲ್ಲಾಡಿದಾಗಲೂ ಈಗ ಬರುತ್ತಾಳೆ ಎಂದು ಕಾದೆ. ಕೊನೆಗೆ ಸೇತುವೆ ಆಗುತ್ತದೆ, ಜನ ಅದರ ಮೇಲೆ ನಡೆದು ಹೋಗುತ್ತಾರೆ, ದೋಣಿಯವನು ಒಬ್ಬೊಬ್ಬರ ಮುಖ ನೋಡುತ್ತಾ ಕೆಳಗೆ ನಿಂತಿರುತ್ತಾನೆ, ಪರದೆ ಬೀಳುತ್ತದೆ. ಇಡೀ ರಂಗಮಂದಿರ ಎದ್ದು ಚಪ್ಪಾಳೆ ತಟ್ಟಿತು. ಬೀರಣ್ಣನ ಕಡೆ ನೋಡಿದೆ. ಅವನ ಕಣ್ಣು ಪೂರ್ತಿ ಮುಚ್ಚಿತ್ತು.

ಹೊರಗೆ ಬಂದರೆ ಗುರುತಿದ್ದವರು, ಗುರುತಿಲ್ಲದವರು ಎಲ್ಲರೂ ನನ್ನ ಕೈ ಹಿಡಿದು ಕುಲುಕುವವರೇ. ನಿಮ್ಮ ಮನೆಯವರು ಏನು ಮಾಡಿದರು, ಏನು ಮಾಡಿದರು ಎಂದು ಒಬ್ಬರು. ಹೌದು, ಗುಂಪಿನಲ್ಲಿ ಚಲೋ ನಿಂತಿದ್ದಳು ಅಂದೆ. ಅವರು ನನ್ನನ್ನು ಒಂದು ಥರ ನೋಡಿ ಕೈ ಬಿಟ್ಟರು. ಬುಟ್ಟಿಯವಳು ಬಣ್ಣ ಒರೆಸಿಕೊಂಡು ಪಕ್ಕದಲ್ಲೇ ಹಾದುಹೋದಳು, ಕಾಲೇಜಿನ ಹುಡುಗಿ. ಆಗಲೂ ನನ್ನ ತಲೆ ಓಡಲಿಲ್ಲ. ಇಷ್ಟು ನಿಧಾನದವನ ಕೈಯಲ್ಲಿ ಜಿಲ್ಲೆಯ ಬಸ್ಸುಗಳನ್ನೆಲ್ಲ ಹೇಗೆ ಕೊಟ್ಟಿದ್ದರೋ.

ಬೀರಣ್ಣನನ್ನು ಬಸ್ಸು ಹತ್ತಿಸಿ ರಿಕ್ಷಾದಲ್ಲಿ ಮನೆಗೆ ಹೊರಟೆವು. ಗುಲಾಬಿ ನನ್ನ ಕಡೆ ಮೊಗ ಮಾಡಿ, ಏನನ್ನೋ ಕಾಯುವವಳ ಹಾಗೆ ಕೂತಿದ್ದಳು. ಮನೆಗೆ ಬಂದು ಕನ್ನಡಿಯ ಎದುರು ಕೊಬ್ಬರಿ ಎಣ್ಣೆಯಿಂದ ಬಣ್ಣ ತೆಗೆಯಲು ಕೂತಳು. ಏನಾದರೂ ಹೇಳದಿದ್ದರೆ ಆಗುವುದಿಲ್ಲ ಎಂದು, ನಾಟಕ ಬಲ್ಲವನ ಗಾಂಭೀರ್ಯದಲ್ಲಿ ನಾನು ಶುರುಮಾಡಿದೆ. ಎಲ್ಲ ಚಲೋ ಇತ್ತು, ದೋಣಿ ಮಾಡಿದ ಬಡಗಿಯನ್ನು ಮೆಚ್ಚಬೇಕು. ಆದರೆ ಆ ದೋಣಿಯವನ ಹೆಂಡತಿಯನ್ನು ಒಂದು ಸಲವೂ ತೋರಿಸಲಿಲ್ಲವಲ್ಲ, ಅದು ದೊಡ್ಡ ಕೊರತೆ. ಅವಳು ಕಡೆಗೆ ಎಲ್ಲಿ ಹೋದಳು?

ಗುಲಾಬಿಯ ಕೈ ಕೆನ್ನೆಯ ಮೇಲೇ ನಿಂತಿತು. ಕನ್ನಡಿಯೊಳಗಿನಿಂದ ನನ್ನನ್ನು ನೋಡಿದಳು.

“ಹಾಡಿನಲ್ಲಿ ಎದ್ದು ಹೋಗಿದ್ರಿ?”

ನಾನು ಹೂಂ ಅಂದೆ.

“ಆ ಹೆಂಡ್ತಿ ನಾನೇ ಆಗಿದ್ದೆ.”

ಗುಂಪಿನಲ್ಲಿ ನಿಲ್ಲುವುದು ಅಂದಿದ್ದೆಯಲ್ಲ ಎಂದೆ. ಅದೊಂದೇ ನನ್ನ ಬಾಯಿಗೆ ಬಂದದ್ದು. ಹೇಳಿದ್ದರೆ ಊರಿಗೆಲ್ಲ ಸುದ್ದಿ ಮಾಡುತ್ತಿದ್ದಿರಿ, ನೀವೇ ಕಂಡು ಹೇಳಲಿ ಎಂಬ ಆಸೆಯಿತ್ತು ಅಂದಳು. ಸಿಟ್ಟಿನಲ್ಲಿ ಹೇಳಲಿಲ್ಲ. ಕನ್ನಡದಲ್ಲೇ ಹೇಳಿದಳು. ಅದರಿಂದಲೇ ನನಗೆ ಹೆದರಿಕೆಯಾಯಿತು. ಮತ್ತೆ ಕೆನ್ನೆ ಒರೆಸಿಕೊಳ್ಳುತ್ತಾ, “ದೀಪ ಕಣ್ಣಿಗೇ ಹೊಡೀತಿತ್ತು, ಎಂತದೂ ಕಾಣ್ತಿರ್ಲಿಲ್ಲ. ನೀವು ಅಲ್ಲೇ ಕೂತಿದ್ರಿ ತಿಳ್ಕಂಡೇ ಹಾಡ್ದೆ” ಅಂದಳು.

ನನಗೆ ಬಹಳ ದುಃಖವಾಯಿತು. ಅದನ್ನು ಸುತ್ತಿಬಳಸಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ನಾನು ಕುಡಿದ ಆ ಒಂದೂವರೆ ಚಹಾವನ್ನು ಎಲ್ಲಾದರೂ ಹಿಂದಕ್ಕೆ ಕೊಟ್ಟು ಬರುವ ಹಾಗಿದ್ದರೆ ನಡೆದೇ ಹೋಗುತ್ತಿದ್ದೆ.

ಮರುದಿನದಿಂದ ನಾನು ಆ ಹಾಡಿನಲ್ಲಿ ಏನಾಯಿತು ಎಂದು ಕೇಳುತ್ತಾ ತಿರುಗಿದೆ. ಬ್ಯಾಂಕಿನ ಹೆಂಗಸು ಪೇಟೆಯಲ್ಲಿ ಸಿಕ್ಕರು. ಅವಳು ದೋಣಿ ಹತ್ತಿ ಹೋದಳು ಅಂದರು. ನಮ್ಮ ಓಣಿಯ ಮಾಸ್ತರು, ಇಲ್ಲ, ಅವಳು ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ನನಗೆ ಕಾಣಲಿಲ್ಲ, ಕಣ್ಣು ಮಂಜಾಗಿತ್ತು ಅಂದರು. ಹಾಲು ಹಾಕುವವಳು, ಅಯ್ಯೋ ಅದನ್ನು ಹೇಳಲಿಕ್ಕೆ ಆಗುತ್ತದೆಯೇ ಅಂದು ಹೇಳಲೇ ಇಲ್ಲ. ಎಲ್ಲರೂ ಒಂದೇ ಹಾಡು ಕೇಳಿದವರು. ಬಸ್ಸು ಎಲ್ಲಿಗೆ ಹೋಯಿತು ಎಂದರೆ ಒಬ್ಬ ಯಲ್ಲಾಪುರ, ಒಬ್ಬ ಗೋಕರ್ಣ ಅಂದ ಹಾಗಾಯಿತು.

ಕಡೆಗೆ ಸ್ನೇಹಾಳನ್ನೇ ಹಿಡಿದೆ. ಹಾಡಿನಲ್ಲಿ ಕಥೆ ನಡೆಸಿದ್ದು ಯಾಕೆ, ಮಾತಿನಲ್ಲಿ ಹೇಳಬಹುದಿತ್ತಲ್ಲ ಎಂದು ಸ್ವಲ್ಪ ಗದರಿಸಿಯೇ ಕೇಳಿದೆ. ಅವಳು ಪಾಠ ಹೇಳುವವಳು, ಶಾಂತಳಾಗಿ ವಿವರಿಸಿದಳು. ಆ ಹೆಂಡತಿ ಮದುವೆಯಾಗಿ ಬಂದಾಗಿನಿಂದ ಆಚೆ ದಂಡೆಗೆ ಒಮ್ಮೆ ಕರೆದುಕೊಂಡು ಹೋಗು ಎಂದು ಮಾತಿನಲ್ಲೇ ಕೇಳಿದವಳು. ಅವನು ಕೇಳಿಸಿಕೊಳ್ಳಲಿಲ್ಲ. ಇನ್ನು ಮಾತು ಉಳಿದಿಲ್ಲ, ಅದಕ್ಕೇ ಹಾಡು. ಹಾಡು ಶುರುವಾಗುವಾಗ ಅವಳು ಮನೆಯಲ್ಲಿ ಇದ್ದಾಳೆ, ಮುಗಿಯುವಾಗ ನದಿಯ ನಡುವೆ ಇದ್ದಾಳೆ. “ಅಂಕಲ್, ಆ ಹಾಡು ತೆಗೆದ್ರೆ ನಮ್ಮ ನಾಟಕವೇ ಇಲ್ಲ” ಅಂದಳು.

ನಾನು ತಲೆ ಅಲ್ಲಾಡಿಸಿದೆ, ಆದರೆ ತಿಳಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಗದ್ದೆಯ ನಾಟಕಗಳಲ್ಲಿ ಹಾಡುವಾಗ ಯಾರೂ ಒಂದು ಬಾಗಿಲನ್ನೂ ತೆರೆದವರಲ್ಲ. ಇಲ್ಲಿ ಒಬ್ಬಳು ಸಂಸಾರವನ್ನೇ ಬಿಟ್ಟು ಹೋಗಿದ್ದಾಳೆ, ನಾನು ಭಜೆ ಇದೆಯೇ ಎಂದು ಕೇಳುತ್ತಿದ್ದೆ. ಇಷ್ಟು ವರ್ಷ ಎದ್ದು ಹೋದ ಹಾಡುಗಳಲ್ಲೆಲ್ಲ ಏನೇನು ನಡೆದಿತ್ತೋ ಎಂದು ಒಂದು ಕ್ಷಣ ತಲೆ ತಿರುಗಿತು. ಇಲ್ಲ, ರಾಜನ ಕೈ ಮೇಲೇ ಇರುತ್ತಿತ್ತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಸಂಶಯ ಹೋಗಲಿಲ್ಲ.

ಸ್ನೇಹಾ ಇನ್ನೊಂದು ಮಾತು ಹೇಳಿದಳು, ಅದು ನನ್ನ ನಿದ್ದೆ ಕೆಡಿಸಿತು. ಮುಂದಿನ ಆಟ ಅಂಕೋಲೆಯಲ್ಲಿ. ಆಂಟಿ ಬರುವುದಿಲ್ಲ ಅನ್ನುತ್ತಿದ್ದಾರೆ. ಬುಧವಾರ ಸಂಜೆಯೊಳಗೆ ಹೂಂ ಅನ್ನದಿದ್ದರೆ ಬುಟ್ಟಿಯ ಹುಡುಗಿಗೆ ಹಾಡು ಕಲಿಸಬೇಕಾಗುತ್ತದೆ.

ಮನೆಯಲ್ಲಿ ಕೇಳಿದೆ. ಗುಲಾಬಿ ಅಕ್ಕಿ ಆರಿಸುತ್ತಾ, ಕಾರವಾರದಲ್ಲಿ ಆಯಿತಲ್ಲ ಸಾಕು ಅಂದಳು. ನನ್ನಿಂದಾಗಿ ಬಿಡಬೇಡ ಅಂದೆ. ಆಗ ಮೊರ ಕೆಳಗಿಟ್ಟಳು. “ಅದು ನಿಮ್ಮ ಊರು. ಎಲ್ಲಾ ನಿಮ್ಮ ಹಾಂಗೇ ಕಲ್ತವ್ರು. ನನ್ನ ಗಂಡನೇ ಕೂರ್ಲಿಲ್ಲ, ಅವ್ರು ಕೂರ್ತ್ರನಾ? ಅಷ್ಟೂ ಜನ ಏಳೂ ಸಪ್ಪಳದಲ್ಲಿ ನಾ ಹ್ಯಾಂಗೆ ಹಾಡೂದು?”

ಬೊಬ್ರುವಾಡದ ಜನ ಕೂರುತ್ತಾರೆ ಎಂದು ಪ್ರಮಾಣ ಮಾಡುವಷ್ಟು ಧೈರ್ಯ ನನಗಿರಲಿಲ್ಲ. ಬೀರಣ್ಣನಿಗೆ ಫೋನ್ ಮಾಡಿ, ಈ ಸಲ ಹಾಡಿನಲ್ಲಿ ಯಾರೂ ಏಳಬಾರದು ಎಂದು ಊರಲ್ಲಿ ಹೇಳಿಡು ಅಂದೆ. ಮತ್ತೆ ಯಾವಾಗ ಏಳುವುದು ಎಂದು ಅವನು ಕೇಳಿದ. ಅವನದೂ ನ್ಯಾಯವಾದ ಪ್ರಶ್ನೆಯೇ.

ಬುಧವಾರ ಬೆಳಿಗ್ಗೆ ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಆ ಹಾಡು ನನಗೊಂದು ಸಲ ಹಾಡಿ ತೋರಿಸು ಅಂದೆ. ಗುಲಾಬಿ ಬಸಳೆ ಸೋಸುತ್ತಿದ್ದಳು. ಹಾಗೆಲ್ಲ ಬರುವುದಿಲ್ಲ ಅಂದಳು. ನಾಚಿಕೆಯಾ ಎಂದು ಕೇಳಿದೆ. ಅಲ್ಲ, ಹಾಡು ತಾನಾಗಿ ಬರುವುದಲ್ಲ, ಅದಕ್ಕೂ ಮೊದಲು ದೋಣಿಯವನು ಆ ಮಾತು ಹೇಳಬೇಕು, ಅದನ್ನು ಕೇಳಿದ ಮೇಲೆ ಹೊಟ್ಟೆಯಿಂದ ಎದ್ದು ಬರುತ್ತದೆ, ಇಲ್ಲದಿದ್ದರೆ ಬರೀ ರಾಗ ಅಂದಳು. ಸ್ನೇಹಾ ವಿವರಿಸಿದ್ದಕ್ಕಿಂತ ಇದು ಸುಲಭವಾಗಿತ್ತು. ಸರಿ, ಆ ಮಾತು ನಾನು ಹೇಳುತ್ತೇನೆ, ನನಗೆ ಗೊತ್ತಿದೆ, ಅಷ್ಟು ಕೇಳಿದ ಮೇಲೆಯೇ ನಾನು ಎದ್ದದ್ದು ಅಂದೆ. ಅವಳು ನಕ್ಕಳು. ಭಾನುವಾರದ ನಂತರ ಅದೇ ಮೊದಲು.

ನಾನು ಎದೆ ಉಬ್ಬಿಸಿ, ಇವತ್ತು ದೋಣಿ ತುಂಬಿದೆ, ನಾಳೆ ನೋಡೋಣ ಎಂದು ಹೇಳಿದೆ. ಬೆಕ್ಕು ಓಡಿಹೋಯಿತು. ಇದು ಬಸ್ ಸ್ಟ್ಯಾಂಡಿಗೆಲ್ಲ ಹೇಳಿದ ಹಾಗಾಯಿತು, ಹೆಂಡತಿಗೆ ಹೇಳಿದ್ದಲ್ಲ ಅಂದಳು. ದನಿ ಇಳಿಸಿ, ಕಣ್ಣು ತುಂಬಿಕೊಂಡು ಹೇಳಿದೆ. ಅಷ್ಟು ಪ್ರೀತಿಯಿಂದ ಹೇಳಿದ್ದರೆ ಅವಳು ಯಾಕೆ ಹೋಗುತ್ತಿದ್ದಳು ಅಂದಳು. ಸಿಟ್ಟಿನಲ್ಲಿ ಹೇಳಿ ನೋಡಿದೆ. ಅದೂ ಅಲ್ಲ, ಅವನಿಗೆ ಅವಳ ಮೇಲೆ ಸಿಟ್ಟಿಲ್ಲ ಅಂದಳು. ಪ್ರೀತಿ ಅಲ್ಲ, ಸಿಟ್ಟು ಅಲ್ಲ, ಹಾಗಾದರೆ ಅವನಿಗೆ ಎಂಥದು ಇದೆ ಎಂದು ನಾನು ಗೊಂದಲಕ್ಕೆ ಬಿದ್ದೆ. ನನ್ನಿಂದಾಗದು ಎಂದು ಮೂಲೆಯ ಕುರ್ಚಿಯಲ್ಲಿ ಕೂತು ಪೇಪರು ಬಿಡಿಸಿದೆ.

ನಮ್ಮ ಹಿತ್ತಲ ಬಾಗಿಲಿನ ಚಿಲಕ ಮುರಿದು ಬಹಳ ದಿನವಾಗಿತ್ತು. ಬಾಗಿಲನ್ನು ಒಂದು ಹಗ್ಗದಲ್ಲಿ ಮೊಳೆಗೆ ಕಟ್ಟಿಡುತ್ತಿದ್ದೆವು. ಗುಲಾಬಿ ಬಸಳೆಯ ಕಡ್ಡಿ ಎಸೆಯಲು ಹೋದವಳು ಆ ಗಂಟಿನ ಹತ್ತಿರ ನಿಂತು, ಇದಕ್ಕೊಂದು ಚಿಲಕ ಹಾಕಿಸುತ್ತೀರಾ ಎಂದು ಕೇಳಿದಳು. ಅವಳು ನಾಟಕದ ಮಾತು ಬಿಟ್ಟಿದ್ದಾಳೆ ಎಂದು ನಾನು ತಿಳಿದೆ. ಪೇಪರಿನಲ್ಲಿ ಕರಾವಳಿಗೆ ಮಳೆ ಇದೆಯೋ ಇಲ್ಲವೋ ನೋಡುತ್ತಿದ್ದೆ. ತಲೆ ಎತ್ತದೆ ಹೇಳಿದೆ.

“ನಾಳೆ ನೋಡುವಾ.”

ಪುಟ ತಿರುವಿದೆ. ಆಮೇಲೆ ಬಾಗಿಲ ಕಡೆಯಿಂದ ಆ ರಾಗ ಎದ್ದಿತು. ಅಂಗಡಿಯ ಎದುರು ಗೋಡೆ ದಾಟಿ ಬಂದಿತ್ತಲ್ಲ, ಅದೇ. ಈಗ ಶಬ್ದಗಳೂ ಇದ್ದವು.

ಊರಿಗೆಲ್ಲ ದಾರಿ ನೀನು, ನನಗೆ ಮಾತ್ರ ನೀರು,
ಕಟ್ಟಿದ ಹಗ್ಗ ನಾನೇ ಬಿಚ್ಚಿದೆ, ತಡೆಯುವವರು ಯಾರು.

ಪೇಪರು ಕೆಳಗಿಳಿಸಿದೆ. ಗುಲಾಬಿ ನನ್ನನ್ನು ನೋಡುತ್ತಿರಲಿಲ್ಲ. ಅವಳ ದನಿ ದೊಡ್ಡದಾಗಿರಲಿಲ್ಲ, ಕಟ್ಟಿಕೊಂಡದ್ದನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದ ಹಾಗೆ ಬರುತ್ತಿತ್ತು. ಹಾಡುತ್ತಲೇ ಹಗ್ಗದ ಗಂಟು ಬಿಚ್ಚಿದಳು. ಬಾಗಿಲು ತೆರೆದು ಬೆಳಕು ಒಳಗೆ ಬಂತು. ಮೆಟ್ಟಿಲು ಇಳಿದಳು. ಇದು ನಾಟಕವೋ, ಅವಳು ಕಡ್ಡಿ ಎಸೆಯಲು ಹೋಗುತ್ತಿದ್ದಾಳೋ, ನಿಜವಾಗಿ ಹೋಗುತ್ತಿದ್ದಾಳೋ ನನಗೆ ಬಿಡಿಸಲಾಗಲಿಲ್ಲ. ಹಾಡು ಹಿತ್ತಲಿನಲ್ಲಿ ದೂರವಾಯಿತು, ಬಾವಿಯ ಆಚೆ ಕೇಳಿಸಿತು, ನಿಂತಿತು. ಅಡಿಗೆಮನೆಯಲ್ಲಿ ನಾನೊಬ್ಬನೇ ಇದ್ದೆ. ಒಲೆ ಹೊತ್ತಿಸಿರಲಿಲ್ಲ.

ಬಾಗಿಲವರೆಗೆ ಹೋಗಬೇಕೋ ಬಾರದೋ ತಿಳಿಯದೆ ಕುರ್ಚಿಯಿಂದಲೇ ಕೂಗಿದೆ. “ಈಗ ನಾ ಎಂಥಾ ಹೇಳೂದು?”

ಬಾವಿಯ ಕಡೆಯಿಂದ ಉತ್ತರ ಬಂತು.

“ಎಂತದೂ ಇಲ್ಲ. ಇಲ್ಲಿಂದ ಮುಂದೆ ಅಂವಂಗೆ ಮಾತಿಲ್ಲ. ನೀವು ಕೂತ್ಕಂಡೇ ಕೇಳಿದ್ರಲ್ಲ, ಸ್ನೇಹಂಗೆ ಫೋನ್ ಮಾಡಿ, ಅಂಕೋಲೆಗೆ ನಾ ಬತ್ತೆ ಅಂತ ಹೇಳಿ.”

ನಾನು ಫೋನ್ ಹಚ್ಚಿದೆ. ಆ ಕಡೆಯಿಂದ ಹುಡುಗಿ, ಹಲೋ ಅಂಕಲ್, ಹಲೋ, ಕೇಳಿಸ್ತಿದೆಯಾ ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ನನಗೆ ಮಾತು ಹೊರಡಲಿಲ್ಲ.